ಹಾಕಿದವನಿಗೆ ಕಾಣದ ದೀಪ

ಲಾರಿಯ ಏರ್‌ಬ್ಯಾಗ್ ದೀಪದ ಬಲ್ಬನ್ನು ನಾನೇ ನನ್ನ ಕೈಯಾರೆ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಈ ಮಾತು ಕೇಳಿದವರು ಮೊದಲು ಹಣೆ ಚಚ್ಚಿಕೊಳ್ಳುತ್ತಾರೆ, ಆಮೇಲೆ ಉಳಿದದ್ದನ್ನು ಕೇಳುತ್ತಾರೆ. ನಮ್ಮಲ್ಲಿ ಬಲ್ಬು ಹಾಕಿದವನಿಗೆ ಅದರ ಬೆಳಕು ಕಾಣುವುದಿಲ್ಲ. ಮಿಕ್ಕವರಿಗೆಲ್ಲ ಕಾಣುತ್ತದೆ. ಪೇಟೆ ಬೀದಿಯ ಅಷ್ಟೂ ದೀಪಗಳನ್ನು ಹಾಕಿದ ಲೈನ್‌ಮನ್ ಸಂಜೆಯಾದರೆ ಅದೇ ಬೀದಿಯಲ್ಲಿ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಅಂಗಡಿಯವನು ಬಲ್ಬನ್ನು ಹೋಲ್ಡರಿಗೆ ತಿರುಗಿಸಿ "ಬಂತಾ?" ಎಂದು ಗಿರಾಕಿಯನ್ನು ಕೇಳುತ್ತಾನೆ, ಗಿರಾಕಿ ಹೇಳಿದ್ದನ್ನು ನಂಬುತ್ತಾನೆ. ಹೇಗೆ ನಂಬುತ್ತಾನೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಹಾಗಾಗಿ ಮನೆಯ ಬಲ್ಬನ್ನು ಮನೆಯವರು ಹಾಕಿಕೊಳ್ಳುವುದಿಲ್ಲ. ಅದು ಹೆಂಡತಿಯ ಅಣ್ಣತಮ್ಮಂದಿರ ಕೆಲಸ. ತಮ್ಮನಾದವನು ಅಕ್ಕನ ಮನೆಗೆ ಬಂದು, ಸ್ಟೂಲು ಹತ್ತಿ, ಬಲ್ಬು ತಿರುಗಿಸಿ, ಇಳಿದು "ಕಂಡ್ತಾ ಅಕ್ಕಾ?" ಅನ್ನುತ್ತಾನೆ. ಅಕ್ಕ "ಕಂಡ್ತಪ್ಪ, ಊಟ ಮಾಡ್ಕೊಂಡು ಹೋಗು" ಅನ್ನುತ್ತಾಳೆ. ಇದನ್ನು ಮಂತ್ರದ ಹಾಗೆ ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆದು ಮತ್ತೆ ಹಾಕಿದರೆ ಮೊದಲಿನವರಿಗೆ ಬೆಳಕು ಬರುತ್ತದೆ, ಎರಡನೆಯವರಿಗೆ ಹೋಗುತ್ತದೆ. ಅದಕ್ಕೆ ಕೈಬದಲು ಎಂದು ಹೆಸರು. ಕನ್ನಡಿಯಲ್ಲಿ ನೋಡುವುದು, ಫೋನಿನಲ್ಲಿ ಫೋಟೊ ತೆಗೆದು ನೋಡುವುದು, ಇವೆಲ್ಲ ಚಿಕ್ಕಂದಿನಲ್ಲೇ ಎಲ್ಲರೂ ಮಾಡಿ ಸೋತು ಬಿಟ್ಟ ಆಟಗಳು.

ನನ್ನ ಹೆಸರು ಪಂಚಾಕ್ಷರಿ. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ನನ್ನ ಕೆಲಸ. ಬೀರು, ಮಂಚ, ಗ್ರೈಂಡರು ಎಲ್ಲವನ್ನೂ ಎತ್ತುವ ಮೊದಲು ಎಲ್ಲೆಲ್ಲಿ ಗೀರು ಬಿದ್ದಿದೆ ಎಂದು ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳುತ್ತೇನೆ. ಅದಕ್ಕೆ ಊರು ನನ್ನನ್ನು ಅನುಮಾನದ ಪಂಚಾಕ್ಷರಿ ಅನ್ನುತ್ತದೆ. ನನ್ನ ಹೆಂಡತಿ ಶಿವಲೀಲಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹಾಲಲ್ಲಿ ಕೆನೆ ಕಂಡ್ರೆ ಇದನ್ನ ಯಾರು ಹಾಕಿದ್ರು ಅಂತ ಕೇಳೋ ಮನುಷ್ಯ ನೀವು" ಅನ್ನುತ್ತಾಳೆ. ಅನ್ನಲಿ. ಕೇಳದೆ ಕುಡಿದವರೆಲ್ಲ ಏನು ಗೆದ್ದಿದ್ದಾರೆ ಎಂದು ನಾನೂ ನೋಡಿದ್ದೇನೆ.

ಶಿವಲೀಲಾಳಿಗೆ ಒಬ್ಬನೇ ತಮ್ಮ, ಮಹಾರುದ್ರ. ಹೋದ ವರ್ಷದವರೆಗೂ ನಮ್ಮ ಮನೆಯ ಬಲ್ಬುಗಳೆಲ್ಲ ಅವನ ಕೈಯವೇ. ಒಮ್ಮೆ ಅವನು ಹಾಕಿಹೋದ ಬಚ್ಚಲಿನ ಬಲ್ಬು ಎಂಟೇ ದಿನಕ್ಕೆ ಹೋಯಿತು. ಹೊಸ ಬಲ್ಬು ಎಂಟು ದಿನಕ್ಕೆ ಹೋಗುತ್ತದೆಯೇ? ಹೊಸದನ್ನು ಜೇಬಿಗೆ ಹಾಕಿಕೊಂಡು ತನ್ನ ಮನೆಯ ಹಳೆಯದನ್ನು ಇಲ್ಲಿ ಹಾಕಿದ್ದಾನೆ ಎಂದು ನನಗೆ ಅನ್ನಿಸಿತು, ಅನ್ನಿಸಿದ್ದನ್ನು ಅವನ ಹೆಂಡತಿ ಮಕ್ಕಳ ಎದುರಿಗೇ ಹೇಳಿದೆ. ಅವನು ಎಲೆಯ ಮುಂದಿನಿಂದ ಎದ್ದುಹೋದವನು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆಮೇಲೆ ಒಂದೊಂದೇ ಬಲ್ಬು ಹೋದವು. ಪಡಸಾಲೆಯದು, ಹಿತ್ತಲಿನದು, ಮಗಳ ಕೋಣೆಯದು. ಬೇರೆಯವರನ್ನು ಕರೆಸೋಣ ಎಂದರೆ ನಾನು ಒಪ್ಪಲಿಲ್ಲ. ಬಲ್ಬು ಹಾಕುವ ನೆಪದಲ್ಲಿ ಒಳಗೆ ಬಂದವರು ಮನೆಯ ಮೂಲೆಮೂಲೆ ನೋಡಿಕೊಂಡು ಹೋಗುತ್ತಾರೆ. ಕಡೆಗೆ ಶಿವಲೀಲಾಳೇ ಸ್ಟೂಲು ಹತ್ತಿ ಪಡಸಾಲೆಯ ಬಲ್ಬು ಹಾಕಿದಳು. ನಾನು ಸಂಜೆ ಅಲ್ಲಿ ಕೂತು ಪೇಪರು ಓದುತ್ತಿದ್ದೆ. ಅವಳಿಗೆ ಅಲ್ಲಿ ಕತ್ತಲು. ಅಡುಗೆಮನೆಯಲ್ಲಿ ಉಳಿದಿದ್ದ ತಮ್ಮನ ಕೈಯ ಒಂದೇ ಒಂದು ಬಲ್ಬಿನ ಕೆಳಗೆ ಚಾಪೆ ಹಾಸಿಕೊಂಡು ಕಾಳು ಆರಿಸುತ್ತಿದ್ದಳು. ಒಂದು ವರ್ಷ ಹೀಗೇ ನಡೆಯಿತು, ನಾನು ಅದನ್ನು ದೊಡ್ಡ ವಿಷಯವೆಂದು ತಿಳಿಯಲಿಲ್ಲ.

ಲಾರಿಯೂ ಮಹಾರುದ್ರನದೇ. ಜಗಳಕ್ಕಿಂತ ಮುಂಚೆ, ಅವನು ದೊಡ್ಡ ಗಾಡಿ ತೆಗೆದುಕೊಂಡಾಗ ಈ ಸಣ್ಣದನ್ನು ನನಗೆ ಕೊಟ್ಟಿದ್ದ. ಮೀಟರ್ ಬೋರ್ಡಿನಲ್ಲಿ ಎಡಗಡೆ ಮೂಲೆಗೆ ಒಂದು ಕೆಂಪು ಚಿತ್ರವಿದೆ. ಒಬ್ಬ ಮನುಷ್ಯ ಕೂತಿದ್ದಾನೆ, ಅವನ ಹೊಟ್ಟೆಯ ಮುಂದೆ ದುಂಡಗಿನ ಚೀಲ. ಕೀ ತಿರುಗಿಸಿದಾಗ ಅದು ಹತ್ತಿಕೊಂಡು, ಆರು ಎಣಿಸುವಷ್ಟರಲ್ಲಿ ಆರಿಹೋಗಬೇಕು. ಆರಿದರೆ ಚೀಲಗಳು ಸರಿಯಾಗಿವೆ ಎಂದರ್ಥ. ಆರದೆ ಉರಿಯುತ್ತಲೇ ಇದ್ದರೆ ಗುದ್ದಿದಾಗ ಚೀಲ ಬಿಚ್ಚಿಕೊಳ್ಳುವ ಭರವಸೆಯಿಲ್ಲ. ಎರಡು ವರ್ಷ ಅದು ಸರಿಯಾಗಿ ಹತ್ತಿ ಆರುತ್ತಿತ್ತು. ಹೋದ ತಿಂಗಳು ಇದ್ದಕ್ಕಿದ್ದಂತೆ ದೀಪವೇ ಬರಲಿಲ್ಲ. ಅದರ ಬದಲು ಗಾಡಿ ಟಿಣ್ ಟಿಣ್ ಎಂದು ಐದು ಸಲ ಬಡಿದುಕೊಂಡಿತು. ಮರುದಿನವೂ ಐದು, ಅದರ ಮರುದಿನವೂ ಐದು.

ಮೆಕ್ಯಾನಿಕ್ ದಸ್ತಗೀರ್ ಶೆಡ್ಡಿನೊಳಗಿಂದಲೇ ಕೇಳಿಸಿಕೊಂಡು ಹೇಳಿದ. "ಬಲ್ಬು ಹೋಗಿದೆ ಅಣ್ಣಾರೆ. ದೀಪ ಹೋಯ್ತಲ್ಲ, ಅದಕ್ಕೆ ಬಾಯಲ್ಲಿ ಹೇಳ್ತಿದೆ. ಒಳಗಡೆ ಚೀಲ ಹೆಂಗಿದೆ ಅಂತ ಬಲ್ಬು ಹಾಕಿದ ಮೇಲೇ ಗೊತ್ತಾಗೋದು."

"ಗಾಡಿ ದೋಷ ತೋರಿಸೋ ಮಷೀನು ಹಚ್ಚಿ ನೋಡು" ಎಂದೆ.

"ಮಷೀನು ರಿಪೇರಿಗೆ ಹೋಗಿದೆ, ಶುಕ್ರವಾರ ಬರುತ್ತೆ. ಬಲ್ಬು ಬೇಕಾದ್ರೆ ಈಗಲೇ ಹಾಕ್ತೀನಿ, ಅರ್ಧ ಗಂಟೆ ಕೆಲಸ."

ಬೇಡ ಎಂದೆ. ದಸ್ತಗೀರ್ ಮತ್ತು ಮಹಾರುದ್ರ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನನ್ನ ತಲೆಯಲ್ಲಿ ಆಗಲೇ ಒಂದು ಲೆಕ್ಕಾಚಾರ ಶುರುವಾಗಿತ್ತು. ಈ ಲಾರಿಯ ಮುಂದಿನ ಬಂಪರಿಗೆ ಎಡಗಡೆ ಬೇರೆ ಬಣ್ಣ ಬಳಿದಿದೆ. ಕೇಳಿದಾಗ ಮಹಾರುದ್ರ, ಗೇಟಿಗೆ ತಾಗಿತ್ತು ಅಂದಿದ್ದ. ಗೇಟಿಗೆ ತಾಗಿತ್ತೋ, ಎಲ್ಲಾದರೂ ಜೋರಾಗಿ ಗುದ್ದಿ ಚೀಲವೇ ಒಡೆದುಹೋಗಿತ್ತೋ? ಒಡೆದ ಚೀಲವನ್ನು ಮಡಿಸಿ ಒಳಗೆ ತುರುಕಿ, ದೀಪದ ವೈರನ್ನು ಪಕ್ಕದ ಬೇರೊಂದು ದೀಪಕ್ಕೆ ಕಟ್ಟಿ, ಹತ್ತಿ ಆರುವ ಹಾಗೆ ಮಾಡಿ ನನಗೆ ಕೊಟ್ಟಿರಬಹುದು. ಇಂಥದ್ದನ್ನೆಲ್ಲ ಮಾಡುವವರಿದ್ದಾರೆ ಎಂದು ನಾನು ಕೇಳಿಬಲ್ಲೆ. ಹಾಗಿದ್ದರೆ ಬಲ್ಬು ಹಾಕಲು ಅವನು ಬಂದರೂ ಅಷ್ಟೇ, ಅವನ ಗೆಳೆಯ ಬಂದರೂ ಅಷ್ಟೇ. ಮೊದಲಿನ ಗಂಟನ್ನೇ ಮತ್ತೆ ಕಟ್ಟಿಹೋಗುತ್ತಾರೆ.

ಬೇರೆ ಹೊತ್ತಾಗಿದ್ದರೆ ನಾನೂ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಒಬ್ಬಳೇ ಮಗಳು ನೀಲಾಂಬಿಕೆಗೆ ಏಳು ತಿಂಗಳು ತುಂಬಿತ್ತು. ಬರುವ ಶನಿವಾರ ಅವಳನ್ನು ಬಾಣಂತನಕ್ಕೆ ಕರೆತರಬೇಕಿತ್ತು. ಅವಳ ಊರು ಘಟ್ಟದ ಆಚೆ, ನಡುವೆ ನಲವತ್ತು ತಿರುವು. ಬಾಡಿಗೆ ಕಾರಿನ ಡ್ರೈವರು ಯಾರೋ ಏನೋ, ನಿದ್ದೆ ಮಾಡಿದ್ದಾನೋ ಇಲ್ಲವೋ. ನಾನೇ ನನ್ನ ಗಾಡಿಯಲ್ಲೇ ಕರೆತರುವುದೆಂದು ತೀರ್ಮಾನಿಸಿದ್ದೆ. ಅವಳು ಕೂರಬೇಕಾದದ್ದು ಎಡಗಡೆಯ ಸೀಟಿನಲ್ಲಿ, ಬೇರೆ ಬಣ್ಣ ಬಳಿದ ಬಂಪರಿನ ಹಿಂದೆ.

"ರುದ್ರನ್ನ ಕರೆಸ್ರಿ. ಹಾಗೇ ಮನೆ ಬಲ್ಬುಗಳನ್ನೂ ಹಾಕಿ ಹೋಗ್ತಾನೆ. ಬಾಣಂತಿ ಕೋಣೇಲಿ ದೀಪ ಇಲ್ದೆ ಹೆಂಗ್ರೀ?" ಎಂದಳು ಶಿವಲೀಲಾ.

"ಅವನ ಹೆಸರು ಎತ್ತಬೇಡ. ಬಲ್ಬು ನಾನೇ ಹಾಕ್ತೀನಿ."

"ನಿಮಗೆ ಕಾಣಲ್ವಲ್ಲ."

"ನಿನಗೆ ಕಾಣುತ್ತಲ್ಲ" ಎಂದೆ.

ಮಂಗಳವಾರ ಬೆಳಗ್ಗೆ ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಕೆಲಸಕ್ಕೆ ಕೂತೆ. ಮೊದಲು ಬ್ಯಾಟರಿಯ ಕಪ್ಪು ವೈರನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಚೀಲದ ಯಂತ್ರದಲ್ಲಿ ಕರೆಂಟು ಉಳಿದಿರುತ್ತದೆ, ಮುಖದ ಮೇಲೆ ಸಿಡಿಯಬಹುದು ಎಂದು ಕೇಳಿದ್ದರಿಂದ ಪೂರ್ತಿ ಅರ್ಧ ಗಂಟೆ ಬಿಟ್ಟೆ. ಆಮೇಲೆ ದೋಸೆ ಮಗುಚುವ ಸಟ್ಟುಗದ ತುದಿಗೆ ಬಟ್ಟೆ ಸುತ್ತಿ, ಮೀಟರಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಮೀಟಿ ತೆಗೆದೆ. ಒಳಗೆ ನಾಲ್ಕು ಸ್ಕ್ರೂ. ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಟ್ಟು, ಮೀಟರನ್ನು ನನ್ನ ಕಡೆಗೆ ಬಾಗಿಸಿ, ಹಿಂದಿನ ಪ್ಲಗ್ಗು ಎಳೆದೆ. ಬೆನ್ನ ಮೇಲೆ ಸಾಲಾಗಿ ಬಲ್ಬಿನ ಹಿಡಿಗಳು. ಮೂಲೆಯದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೇ ಬಂತು. ಹುಣಸೆ ಬೀಜಕ್ಕಿಂತ ಚಿಕ್ಕ ಬಲ್ಬು. ಗಾಜಿನ ಒಳಗೆ ಕಪ್ಪಗಾಗಿತ್ತು, ತಂತಿ ತುಂಡಾಗಿತ್ತು.

ಸುಟ್ಟ ಬಲ್ಬೇ ಹೌದು. ಹಾಗಾದರೆ ಮಹಾರುದ್ರ ಏನೂ ಮಾಡಿಲ್ಲವೇ? ಹಾಗೆಂದುಕೊಳ್ಳುವಷ್ಟು ಹಗುರ ಮನುಷ್ಯ ನಾನಲ್ಲ. ಕಟ್ಟಿದ ವೈರು ಇದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಸಿಗಲಿಲ್ಲ. ಸಿಗದ ಹಾಗೆ ಕಟ್ಟಿದ್ದಾನೆ ಎಂದುಕೊಂಡೆ. ಪೇಟೆಯಿಂದ ತಂದಿದ್ದ ಹೊಸ ಬಲ್ಬನ್ನು ಹಿಡಿಗೆ ಕೂರಿಸಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ, ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿದೆ. ತಟ್ಟೆಯಲ್ಲಿ ಒಂದು ಸ್ಕ್ರೂವೂ ಮಿಗಲಿಲ್ಲ. ಬ್ಯಾಟರಿಯ ವೈರು ಕಟ್ಟಿ, ಶಿವಲೀಲಾಳನ್ನು ಕರೆದು ಎಡಗಡೆ ಸೀಟಿನಲ್ಲಿ ಕೂರಿಸಿದೆ.

ಕೀ ತಿರುಗಿಸಿದೆ. ಐದು ಸಲದ ಟಿಣ್ ಟಿಣ್ ನಿಂತುಹೋಗಿತ್ತು. ಗಾಡಿ ಏನೂ ಹೇಳಲಿಲ್ಲ. ನನ್ನ ಕಣ್ಣಿಗೆ ಆ ಮೂಲೆ ಕಪ್ಪಗೇ ಇತ್ತು.

"ಬಂತಾ?"

"ಬಂತು" ಎಂದಳು.

ನಾನು ಮನಸ್ಸಿನಲ್ಲೇ ಎಣಿಸಿದೆ. ಆರಾಯಿತು, ಎಂಟಾಯಿತು. "ಹೋಯ್ತಾ?"

ಅವಳು ಮೀಟರನ್ನೇ ನೋಡುತ್ತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇಲ್ಲ ರೀ. ಉರೀತಾನೇ ಇದೆ" ಎಂದಳು.

ಇನ್ನೊಮ್ಮೆ ಕೀ ತೆಗೆದು ತಿರುಗಿಸಿದೆ. "ಈಗ?"

"ಈಗಲೂ ಅಷ್ಟೇ."

ನನಗೆ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ಖುಷಿಯೇ. ಒಂದು ವರ್ಷ ನಾನು ಬರಿಗೈಯಲ್ಲಿ ಸಾಕಿಕೊಂಡು ಬಂದಿದ್ದ ಅನುಮಾನಕ್ಕೆ ಸಾಕ್ಷಿ ಸಿಕ್ಕಿತ್ತು. ಅದೂ ಯಾರ ಬಾಯಿಂದ, ಅವನ ಸ್ವಂತ ಅಕ್ಕನ ಬಾಯಿಂದ. ಆಮೇಲೆ ಮಗಳ ನೆನಪಾಗಿ ಖುಷಿಯೆಲ್ಲ ಕೋಪಕ್ಕೆ ತಿರುಗಿತು.

"ಅವನೇ ಕೊಟ್ಟ ಗಾಡಿ ಅಲ್ವಾ, ಅವನನ್ನೇ ಕರೆಸ್ರಿ. ಬಂದು ಸರಿ ಮಾಡ್ಲಿ" ಎಂದಳು ಶಿವಲೀಲಾ.

"ಕರೆಸೋದೇನು ಬಂತು" ಎಂದು ಅಲ್ಲಿಂದಲೇ ಫೋನು ಮಾಡಿ, "ಬಾರಪ್ಪ, ನಿನ್ನ ಬಂಡವಾಳ ಬಯಲಾಗಿದೆ" ಎಂದೆ. ಒಂದು ವರ್ಷ ಮಾತಿಲ್ಲದವನು ಮೊದಲು ಆಡಿದ ಮಾತು ಅದು.

ಮಹಾರುದ್ರ ಕಾಲು ಗಂಟೆಯಲ್ಲಿ ಬಂದ. ಅಷ್ಟರಲ್ಲಿ ನನ್ನ ಗಂಟಲು ಕೇಳಿ ಬೀದಿ ಕೂಡಿತ್ತು. ರಿಟೈರಾದ ಪೋಸ್ಟ್‌ಮಾಸ್ಟರ್ ಹಾಲಪ್ಪನವರು ಕೈಯಲ್ಲಿ ಪೇಪರು ಹಿಡಿದುಕೊಂಡೇ ಬಂದಿದ್ದರು. ಎದುರುಮನೆಯ ಚಂಪಕ್ಕ ಮೊರ ಬಿಟ್ಟಿರಲಿಲ್ಲ. ನಾನು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. "ಒಡೆದ ಚೀಲ ಮಡಿಚಿಟ್ಟು ಗಾಡಿ ಕೊಟ್ಟಿದೀಯಲ್ಲೋ! ದೀಪ ಉರೀತಾನೇ ಇದೆ, ಆರ್ತಾ ಇಲ್ಲ. ಏಳು ತಿಂಗಳ ಬಸುರಿ ಈ ಸೀಟಲ್ಲಿ ಕೂತ್ಕೊಂಡು ಘಟ್ಟ ಇಳೀಬೇಕು. ನಿನ್ನ ಅಕ್ಕನ ಮಗಳು ಕಣೋ ಅವಳು!"

ಅವನು ಗಾಡಿ ಹತ್ತಿ ಕೂತ, ಕೀ ತಿರುಗಿಸಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಸುಳ್ಳು ಹೇಳಿದರೆ ಅಲ್ಲೇ ಹಿಡಿಯಬೇಕೆಂದು. ಮೀಟರನ್ನು ನೋಡಿದ, ಹುಬ್ಬು ಗಂಟಿಕ್ಕಿದ. ಕೀ ತೆಗೆದು ಮತ್ತೆ ತಿರುಗಿಸಿ ನೋಡಿದ. ಆಮೇಲೆ ತಲೆಯೆತ್ತಿ ಕಿಟಕಿಯ ಆಚೆ ನಿಂತಿದ್ದ ಅಕ್ಕನನ್ನು ನೋಡಿದ. ತುಂಬಾ ಹೊತ್ತು ನೋಡಿದ.

"ಹೌದು ಭಾವ. ಉರೀತಿದೆ" ಎಂದ. "ನನ್ನಿಂದಲೇ ತಪ್ಪಾಯ್ತು."

ಗುಂಪಿನಿಂದ ಛೇ ಛೇ ಎಂಬ ಸದ್ದು ಬಂತು. "ಅಕ್ಕನ ಮಗಳಿಗೇ ಹಿಂಗೆ ಮಾಡೋದಾ" ಎಂದು ಚಂಪಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಶಿವಲೀಲಾ ಅಳುತ್ತಿದ್ದಳು. ತಮ್ಮ ಇಂಥವನಾದನಲ್ಲ ಎಂದು ಅಳುತ್ತಿದ್ದಾಳೆ ಎಂದುಕೊಂಡೆ, ಪಾಪ ಎನ್ನಿಸಿತು.

ಅವನು ಮೀಟರು ಬಿಚ್ಚಿದ, ಬಲ್ಬು ತೆಗೆದ, ಸೀಟಿನ ಕೆಳಗೆ ಕೈಹಾಕಿದ. ಅವನ ಕೈಯನ್ನೇ ಕಾಯುತ್ತಾ ನಿಂತಿದ್ದೆ. ಆದರೆ ಅಷ್ಟರಲ್ಲಿ ಶಿವಲೀಲಾ ನನ್ನನ್ನು ಮೂರು ಸಲ ಒಳಗೆ ಕರೆದಳು. ಒಮ್ಮೆ ಸಿಲಿಂಡರ್ ಸರಿಸಲು, ಒಮ್ಮೆ ಅಕ್ಕಿ ಡಬ್ಬ ಇಳಿಸಲು, ಇನ್ನೊಮ್ಮೆ ಯಾಕೆಂದು ಅವಳಿಗೇ ನೆನಪಿರಲಿಲ್ಲ. ಒಂದೂವರೆ ಗಂಟೆಯ ಮೇಲೆ ಅವನು "ಈಗ ನೋಡಿ ಭಾವ" ಎಂದ. ಬಲ್ಬು ಈಗ ಅವನ ಕೈಯದಾಗಿತ್ತು, ಹಾಗಾಗಿ ನನಗೂ ಕಂಡಿತು. ಕೆಂಪು ಮನುಷ್ಯ ಹತ್ತಿಕೊಂಡ, ಆರು ಎಣಿಸಿದೊಡನೆ ಆರಿದ.

"ಏನು ಮಾಡ್ದೆ?"

"ಸೀಟಿನ ಕೆಳಗೆ ಒಂದು ಪ್ಲಗ್ಗು ಸಡಿಲ ಆಗಿತ್ತು ಭಾವ. ಒತ್ತಿ ಕೂರಿಸಿದೆ."

ಶಿವಲೀಲಾ ಚೊಂಬಿನಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕೈ ತೊಳ್ಕೊ. ಒಳಗೆ ಒಂದಷ್ಟು ಬಲ್ಬು ಬಾಕಿ ಇದಾವೆ" ಎಂದಳು. ನನ್ನನ್ನು ಕೇಳಲಿಲ್ಲ. ಗೆದ್ದವನಿಗೆ ಅಷ್ಟು ಉದಾರತೆ ಇರಬೇಕೆಂದು ನಾನೂ ಸುಮ್ಮನಿದ್ದೆ. ಬಚ್ಚಲಿನದು, ಹಿತ್ತಲಿನದು, ಮಗಳ ಕೋಣೆಯದು, ಒಟ್ಟು ಏಳು ಬಲ್ಬುಗಳನ್ನು ಅವನು ಹಾಕಿದ. ಪಡಸಾಲೆಯದನ್ನು ಕೈಬದಲು ಮಾಡಿ "ಕಂಡ್ತಾ ಅಕ್ಕಾ?" ಎಂದಾಗ ಅವಳು "ಕಂಡ್ತಪ್ಪ, ಊಟ ಮಾಡ್ಕೊಂಡು ಹೋಗು" ಎಂದಳು. ಅವನು ಊಟ ಮಾಡಿ ಹೋದ. ಆ ಸಂಜೆ ಅವಳು ಚಾಪೆಯನ್ನು ಪಡಸಾಲೆಗೆ ತಂದು ಹಾಸಿಕೊಂಡು, ನನ್ನ ಎದುರಿಗೆ ಕೂತು ಅವರೆಕಾಯಿ ಸುಲಿದಳು.

ಆದರೆ ನನ್ನ ತಲೆ ಸುಮ್ಮನಿರುವಂಥದ್ದಲ್ಲ. ಪ್ಲಗ್ಗು ಸಡಿಲವಾಗಿದ್ದರೆ ಅದು ಅವನ ತಪ್ಪು ಹೇಗಾಯಿತು? ಎರಡು ವರ್ಷದಿಂದ ಓಡಿಸುತ್ತಿರುವವನು ನಾನು. ಹೋಗಲಿ, ಚೀಲ ಒಡೆದದ್ದೇ ನಿಜವಾದರೆ ಸೀಟಿನ ಕೆಳಗೆ ಕೈಹಾಕಿ ಒತ್ತಿದರೆ ಸರಿಹೋಗುತ್ತದೆಯೇ? ಎರಡೂ ಮಾತು ಒಂದಕ್ಕೊಂದು ಕೂಡಿಬರುತ್ತಿರಲಿಲ್ಲ. ನಾನು ಒಳಗೆ ಹೋದ ಮೂರು ಸಲದಲ್ಲಿ ಅವನು ಮತ್ತೆ ವೈರು ಕಟ್ಟಿದ್ದಾನೆ, ಅಷ್ಟೇ ಎಂದು ತೀರ್ಮಾನಿಸಿದೆ. ಶುಕ್ರವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ದಸ್ತಗೀರನ ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿದ್ದೆ.

ದಸ್ತಗೀರನ ಶೆಡ್ಡಿನಲ್ಲಿ ಅವನ ತಾಯಿ ಬೀಬಿಜಾನ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವನು ಹಾಕಿದ ಬಲ್ಬುಗಳು ಹತ್ತಿದವೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ಮಷೀನು ಹಚ್ಚುವಾಗ ನಾನು ದಸ್ತಗೀರನ ಭುಜದ ಮೇಲಿಂದ ಬಗ್ಗಿ ನೋಡಿದೆ. ಪರದೆ ಕಾರ್ಖಾನೆಯಲ್ಲಿ ಮಾಡಿದ್ದು, ಅಲ್ಲಿ ಊರಿನ ಯಾರ ಕೈಯೂ ಇಲ್ಲ, ನಾನೇ ಓದಬಹುದಿತ್ತು.

"ಯಾವ ಕಂಪ್ಲೇಂಟೂ ಇಲ್ಲ ಅಣ್ಣಾರೆ. ಹಳೇದೂ ಇಲ್ಲ" ಎಂದ ದಸ್ತಗೀರ್.

"ಹಳೇದನ್ನ ಅಳಿಸಿರಬಹುದು."

"ಅಳಿಸಬೇಕಾದ್ರೂ ಇಂಥ ಮಷೀನೇ ಬೇಕು. ಊರಲ್ಲಿ ಇರೋದು ಇದೊಂದೇ, ಇದು ಇವತ್ತು ಬೆಳಗ್ಗೆ ಬಸ್ಸಲ್ಲಿ ಬಂತು."

ಎಡಗಡೆಯ ಮುಚ್ಚಳ ಬಿಚ್ಚಿಸಿದೆ. ಚೀಲ ಕಾರ್ಖಾನೆಯ ಮಡಿಕೆಯಲ್ಲೇ ಇತ್ತು. ಸೀಲು ಒಡೆದಿರಲಿಲ್ಲ. ಸೀಟಿನ ಕೆಳಗಿನ ಪ್ಲಗ್ಗಿನ ಸುತ್ತ ಎರಡು ವರ್ಷದ ಧೂಳು ಪದರ ಕಟ್ಟಿತ್ತು. ಅದನ್ನು ಈ ವಾರ ಯಾರೂ ಮುಟ್ಟಿರಲಿಲ್ಲ.

"ಮಂಗಳವಾರ ಉರೀತಾನೇ ಇತ್ತು" ಎಂದೆ.

"ಯಾರು ನೋಡಿದ್ದು?" ಎಂದ.

"ನನ್ನ ಹೆಂಡತಿ. ಆಮೇಲೆ ಮಹಾರುದ್ರ."

ದಸ್ತಗೀರ್ ಮುಚ್ಚಳ ಹಾಕತೊಡಗಿದ. ಬೀಬಿಜಾನ್ ಕುರ್ಚಿಯಿಂದ ಕೇಳಿದರು. "ಅವಳ ತಮ್ಮ ನಿಮ್ಮ ಮನೆಗೆ ಬಂದು ಎಷ್ಟು ದಿನ ಆಗಿತ್ತಪ್ಪ?"

"ಒಂದು ವರ್ಷ" ಎಂದೆ. ಹೇಳಿದ ಮೇಲೆ, ಅವರು ಯಾಕೆ ಕೇಳಿದರೆಂದು ಹೊಳೆಯಿತು.

ಮೊದಲು ಬಂದದ್ದು ಸಿಟ್ಟು. ಅಕ್ಕ ತಮ್ಮ ಸೇರಿ ನನ್ನನ್ನು ಕುರುಡನ ಹಾಗೆ ಕೂರಿಸಿಕೊಂಡು ಆಡಿಸಿದ್ದಾರೆ! ಶೆಡ್ಡಿನಿಂದ ಮನೆಯ ಕಡೆ ಹೊರಟಾಗ ಏನೇನು ಕೂಗಬೇಕೆಂದು ಸಾಲಾಗಿ ಜೋಡಿಸಿಕೊಳ್ಳುತ್ತಿದ್ದೆ. ಅರ್ಧ ದಾರಿಯಲ್ಲಿ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಇಷ್ಟು ವರ್ಷ, ಎಲ್ಲ ಸರಿಯಾಗಿದೆ ಎಂದವರನ್ನೆಲ್ಲ ಅನುಮಾನಿಸಿದ್ದೇನೆ. ಸರಿಯಿಲ್ಲ ಎಂದವಳನ್ನು ಮಾತ್ರ ಎರಡನೆಯ ಮಾತಿಲ್ಲದೆ ನಂಬಿದೆ. ನಾನು ಯಾವುದನ್ನು ನಂಬುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ತಮ್ಮನನ್ನು ಕರೆಸು ಎಂದು ಬಾಯಿಬಿಟ್ಟು ಕೇಳಿದಾಗ ನಾನು ಕರೆಸಲಿಲ್ಲ. ಅವನನ್ನು ಬೈಯಲಾದರೂ ಕರೆಸುತ್ತೇನೆ ಎಂದು ಅವಳು ಕಂಡುಕೊಂಡಿದ್ದಳು. ಒಂದು ವರ್ಷ ಕತ್ತಲ ಪಡಸಾಲೆಯಲ್ಲಿ ಎಷ್ಟು ಯೋಚಿಸಿದ್ದಳೋ. ಇನ್ನು ಅವನು, ಆರಿದ ದೀಪವನ್ನು ಕಣ್ಣಾರೆ ಕಂಡು, ಅಕ್ಕ ಸುಳ್ಳುಗಾತಿ ಆಗಬಾರದೆಂದು ಇಡೀ ಬೀದಿಯ ಎದುರು ತಾನು ಮೋಸಗಾರನಾದ. ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತೆ, ನನಗೆ ನನ್ನ ಬಗ್ಗೆ ಅಸಹ್ಯವಾಯಿತು.

ಮನೆಗೆ ಬಂದರೆ ಚಂಪಕ್ಕ ಹೊಸ ಸುದ್ದಿ ಹಿಡಿದುಕೊಂಡು ಕಾಯುತ್ತಿದ್ದಳು. ಮಹಾರುದ್ರನ ಚಿಕ್ಕಪ್ಪನ ಹೆಣ್ಣುಮಕ್ಕಳಿಬ್ಬರು, ಇನ್ನು ತಮ್ಮ ಮನೆಗಳಿಗೆ ಬಲ್ಬು ಹಾಕಲು ಬರುವುದು ಬೇಡ ಎಂದು ಅವನಿಗೆ ಹೇಳಿಕಳಿಸಿದ್ದರಂತೆ. ನಮ್ಮ ಊರಿನಲ್ಲಿ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ತಂಗಿ ಅಕ್ಕಂದಿರೇ ಬಾಗಿಲು ಮುಚ್ಚಿದರೆ ಇವನ ಕೈಯಲ್ಲಿ ಏನೋ ಇದೆ ಎಂದು ನಾಳೆ ಅವನ ಮಕ್ಕಳ ಸಂಬಂಧಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. "ತಕ್ಕ ಶಾಸ್ತಿ ಆಯ್ತು ಬಿಡಿ" ಎಂದಳು ಚಂಪಕ್ಕ. ಒಳಗೆ ಶಿವಲೀಲಾ ಒಲೆಯ ಮುಂದೆ ನಿಂತಿದ್ದಳು. ಅವಳಿಗೂ ಸುದ್ದಿ ಮುಟ್ಟಿತ್ತು. ಮುಖ ಬಿಳುಚಿಕೊಂಡಿತ್ತು. ಒಂದು ಮಾತು ಹೇಳಿದರೆ ತಮ್ಮ ಬದುಕುತ್ತಾನೆ, ಅದೇ ಮಾತಿಗೆ ಅವಳು ಬೀದಿಯ ಬಾಯಿಗೆ ಬೀಳುತ್ತಾಳೆ, ಅನುಮಾನದ ಗಂಡನ ಕೈಗೂ ಬೀಳುತ್ತಾಳೆ. ನಾನು ಮಷೀನಿನ ವಿಷಯ ಎತ್ತಲಿಲ್ಲ. ಊಟ ಮಾಡಿ ಎದ್ದೆ.

ಶನಿವಾರ ಬೆಳಗ್ಗೆ ಮಗಳನ್ನು ಕರೆತರಲು ಹೊರಟಿದ್ದೆವು. ಶಿವಲೀಲಾ ಚೀಲ, ದಿಂಬು ಹಿಡಿದುಕೊಂಡು ಗೇಟಿನ ಬಳಿ ನಿಂತಿದ್ದಳು. ಹಾಲಪ್ಪನವರು ತಮ್ಮ ಜಗಲಿಯಿಂದ ಕೂಗಿ ಕೇಳಿದರು.

"ಏನ್ರೀ ಪಂಚಾಕ್ಷರಿ, ಆ ಮೋಸಗಾರ ಸರಿಯಾಗಿ ರಿಪೇರಿ ಮಾಡಿದ್ನೋ? ಇನ್ನೊಂದ್ಸಲ ನೋಡ್ಕೊಳ್ರಿ."

ನಾನು ಬೀದಿಯ ನಡುವೆ ಬಂದು ನಿಂತೆ. ಮಂಗಳವಾರ ನಿಂತು ಕೂಗಿದ ಜಾಗವದು. ಅವತ್ತಿನಷ್ಟೇ ಗಟ್ಟಿಯಾಗಿ ಹೇಳಿದೆ. "ರಿಪೇರಿ ಮಾಡೋಕೆ ಏನೂ ಇರಲಿಲ್ಲ ಮಾಸ್ಟ್ರೇ. ಚೀಲ ಮೊದಲಿಂದ ಸರಿಯಾಗೇ ಇದೆ. ಬಲ್ಬು ಹಾಕಿದ್ದು ನಾನು, ನನಗೆ ಹೆಂಗೆ ಕಾಣಬೇಕು? ದೀಪ ಉರೀತಿದೆ ಅಂತ ನಾನೇ ಕಟ್ಟಿ ಹೇಳಿದ್ದು."

"ಮತ್ತೆ ಅವನೇ ತಪ್ಪಾಯ್ತು ಅಂದ್ನಲ್ಲ?"

"ಅಕ್ಕನ ಮನೆ ಬಾಗಿಲಲ್ಲಿ ಜಗಳ ಬೇಡ ಅಂತ ಅಂದ. ಮಹಾರುದ್ರ ಮೋಸ ಮಾಡಿಲ್ಲ. ಸುಳ್ಳು ಹೇಳಿದ್ದು ನಾನು."

ಯಾರಾದರೂ ಅನುಮಾನಿಸುತ್ತಾರೆ ಎಂದು ಕಾದೆ. ನೀನು ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಹೇಳಲು ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡಿದವರು ಯಾರು ಎಂದು ಕೇಳಿದರೆ ಏನು ಹೇಳುವುದೆಂದೂ ಹೆದರಿದ್ದೆ. ಯಾರೂ ಏನೂ ಕೇಳಲಿಲ್ಲ. ಹಾಲಪ್ಪನವರು "ನಾನೂ ಅದೇ ಅಂದ್ಕೊಂಡೆ" ಎಂದು ಪೇಪರು ಬಿಡಿಸಿದರು. "ನಮಗೆ ಮೊದಲೇ ಗೊತ್ತಿತ್ತು ಬಿಡ್ರಿ" ಎಂದು ಚಂಪಕ್ಕ ಒಳಗೆ ಹೋದಳು, ಬಹುಶಃ ಆ ಚಿಕ್ಕಪ್ಪನ ಹೆಣ್ಣುಮಕ್ಕಳಿಗೆ ಫೋನು ಮಾಡಲು. ಐವತ್ತೆರಡು ವರ್ಷ ಈ ಊರಿನಲ್ಲಿ ಬದುಕಿದ್ದೇನೆ, ನಾನು ಹೇಳಿದ ಮಾತನ್ನು ಊರು ಇಷ್ಟು ಸಲೀಸಾಗಿ ನಂಬಿದ್ದು ಅದೇ ಮೊದಲು.

ನಾನು ಗಾಡಿ ಹತ್ತಿದೆ. ಶಿವಲೀಲಾ ಗೇಟಿನ ಬಳಿಯೇ ನಿಂತಿದ್ದಳು. ಆಮೇಲೆ ನಿಧಾನವಾಗಿ ಬಂದು, ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತು, ದಿಂಬನ್ನು ತೊಡೆಯ ಮೇಲಿಟ್ಟುಕೊಂಡಳು. ಕೀ ತಿರುಗಿಸಿದೆ. ಇಬ್ಬರೂ ಮೀಟರಿನ ಮೂಲೆಯನ್ನು ನೋಡಿದೆವು. ದೀಪ ಬಂತು, ಹೋಯಿತು.

"ನಿಮಗೆ ಸುಳ್ಳು ಹೇಳೋಕೆ ಬರಲ್ಲ" ಎಂದಳು.

"ಎಲ್ಲರೂ ನಂಬಿದ್ರಲ್ಲ."

"ನಿಮ್ಮ ವಿಷಯ ಅಲ್ವಾ, ನಂಬ್ತಾರೆ" ಎಂದು ಮುಖವನ್ನು ದಿಂಬಿನಲ್ಲಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಕೇಳಬೇಕೆಂದು ಬಾಯಿಗೆ ಬಂತು, ಕೇಳಲಿಲ್ಲ. ಘಟ್ಟದ ರಸ್ತೆ ಬಲಕ್ಕಿತ್ತು. ನಾನು ಎಡಕ್ಕೆ, ಮಹಾರುದ್ರನ ಬೀದಿಯ ಕಡೆಗೆ ತಿರುಗಿಸಿದೆ. ಅಲ್ಲಿಯೂ ನಡುಬೀದಿಯಲ್ಲಿ ನಿಂತು, ಅವನ ಹೆಂಡತಿ ಮಕ್ಕಳಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕಿತ್ತು.